ಬಲಮೂಲೆಯ ಹೆಸರು

ಶಾಜೀರಿಗೆ ಹಾಕಿದ ರೊಟ್ಟಿ ಬೇಯುವ ವಾಸನೆಯನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಹಿಡಿದ ಮೇಲೆ ಆ ದಿನವೆಲ್ಲ ಬಾಯಿ ಕಹಿಯಾಗಿರುತ್ತದೆ. ಕಳೆದ ತಿಂಗಳು ಗೆಳತಿಯ ಮಗುವಿನ ನಾಮಕರಣಕ್ಕೆಂದು ಎನ್ಸ್‌ಕೆಡೆಯಿಂದ ಜೂಟರ್‌ಮೀರ್‌ಗೆ ಹೋಗಿದ್ದೆ. ಟ್ರಾಮ್ ಇಳಿದವಳು ನೆಟ್ಟಗೆ ಅವಳ ಮನೆಗೆ ಹೋಗಬಾರದೇ? ಕಾಲು ತಾನಾಗಿ ನಮ್ಮ ಹಳೆಯ ಓಣಿಗೆ ತಿರುಗಿತು. ಅದೇ ಇಟ್ಟಿಗೆಯ ಸಾಲುಮನೆಗಳು, ಅದೇ ಪರದೆಯಿಲ್ಲದ ದೊಡ್ಡ ಕಿಟಕಿಗಳು, ಬಾಗಿಲ ಮುಂದೆ ಅದೇ ಹಸಿರು ಕಸದ ಡಬ್ಬಿಗಳು. ನಾವಿದ್ದ ಮನೆಯ ಪಕ್ಕದ ಮನೆಯಿಂದ ಆ ವಾಸನೆ ಬಂತು. ನೊರೀನ್ ಇನ್ನೂ ಇದ್ದಾಳೆ ಅಂದುಕೊಂಡೆ. ಸಂತೋಷವೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ನಾವು ಅಲ್ಲಿದ್ದದ್ದು, ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಕೂತ ವರ್ಷ. ಮಾರ್ಚ್ ತಿಂಗಳಲ್ಲಿ ಇಲ್ಲಿನ ಡಚ್ ಪ್ರಧಾನಿ ಟಿವಿಯಲ್ಲಿ ಬಂದು, ಸಾಧ್ಯವಾದವರು ಮನೆಯಿಂದಲೇ ಕೆಲಸ ಮಾಡಿ ಅಂದ ಮಾರನೇ ದಿನ ನಮ್ಮ ಊಟದ ಟೇಬಲ್ಲು ಆಫೀಸಾಯಿತು. ಒಂದು ತುದಿಗೆ ನಾನು, ಇನ್ನೊಂದು ತುದಿಗೆ ನನ್ನ ಗಂಡ ವಿನಯ್, ನಡುವೆ ಮಗಳು ತನ್ವಿಯ ಬಣ್ಣದ ಪೆನ್ಸಿಲ್ಲು. ವಿನಯ್ ಮೈಸೂರಿನವನು, ಸಮಾಧಾನಿ. ನಾನು ಬೆಳಗಾವಿಯವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಬ್ಬರೂ ಸಾಫ್ಟ್‌ವೇರಿನವರೇ. ನನ್ನದು ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. ಸ್ವಭಾವಕ್ಕೆ ಸರಿಯಾಗಿದೆ ಎಂದು ವಿನಯ್ ಚೇಷ್ಟೆ ಮಾಡುತ್ತಿದ್ದ.

ಪಕ್ಕದ ಮನೆಯ ನೊರೀನ್ ಐರ್ಲೆಂಡಿನವಳು. ಡಚ್ಚನೊಬ್ಬನನ್ನು ಮದುವೆಯಾಗಿ ಬಂದು, ಇಲ್ಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ನಿವೃತ್ತಳಾಗಿ, ಗಂಡನನ್ನೂ ಕಳೆದುಕೊಂಡು ಒಬ್ಬಳೇ ಇದ್ದಳು. ಎಪ್ಪತ್ತು ದಾಟಿತ್ತು. ಎದೆಯಲ್ಲಿ ಸದಾ ಸುಂಯ್ ಎನ್ನುವ ಉಬ್ಬಸ. ಆ ಕಾರಣಕ್ಕೆ ಆಕೆ ಅಂಗಡಿಗೂ ಹೋಗುವಂತಿರಲಿಲ್ಲ. ವಿನಯ್ ನಮ್ಮ ಸಾಮಾನಿನ ಜೊತೆ ಆಕೆಯದನ್ನೂ ತರುತ್ತಿದ್ದ. ಅದಕ್ಕೆ ಪ್ರತಿಯಾಗಿ ಶನಿವಾರ ಶನಿವಾರ ಒಂದು ಗುಂಡನೆಯ ರೊಟ್ಟಿ. ಹಿಟ್ಟಿಗೆ ಸೋಡಾ, ಮಜ್ಜಿಗೆ, ಒಣದ್ರಾಕ್ಷಿ, ಶಾಜೀರಿಗೆ. ಕೈಯಿಂದ ಕೈಗೆ ಕೊಡುವ ಹಾಗಿಲ್ಲವಲ್ಲ, ನಮ್ಮ ಹಸಿರು ಡಬ್ಬಿಯ ಮುಚ್ಚಳದ ಮೇಲೆ ಬಟ್ಟೆ ಹಾಸಿ ಇಟ್ಟು, ಹಿಂದೆ ಸರಿದು ನಿಂತು ಕೈ ಬೀಸುತ್ತಿದ್ದಳು. ನಾನು ಅದೇ ಮುಚ್ಚಳದ ಮೇಲೆ ಶೇಂಗಾಚಟ್ನಿ ಇಡುತ್ತಿದ್ದೆ. ಖಾರಕ್ಕೆ ಕಣ್ಣೀರು ಸುರಿಸಿಕೊಂಡೇ ತಿನ್ನುತ್ತಿದ್ದಳಂತೆ. ತನ್ವಿ ಆಕೆಯನ್ನು ಡಚ್ಚಿನಲ್ಲಿ ಓಮಾ ನೊರೀನ್, ನೊರೀನ್ ಅಜ್ಜಿ, ಎಂದು ಕರೆಯುತ್ತಿದ್ದಳು. ಆಗ ನನಗೂ ಆಕೆ ಇಷ್ಟವಾಗಿದ್ದಳು. ಇದನ್ನೂ ಹೇಳಬೇಕು.

ಆಕೆಗೆ ಒಂದೇ ಹುಚ್ಚು. ತನ್ನ ಮುತ್ತಜ್ಜನ ಒಡಹುಟ್ಟಿದವರೆಲ್ಲ ಎಲ್ಲೆಲ್ಲಿಗೆ ಹೋದರು ಎಂದು ಹುಡುಕುವುದು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿದು ಸತ್ತಾಗ ಆ ಮನೆಯ ಮಕ್ಕಳು ದಿಕ್ಕಿಗೊಬ್ಬರಂತೆ ಹೊರಟರಂತೆ. ಒಬ್ಬಳು ಅಮೆರಿಕಕ್ಕೆ, ಒಬ್ಬ ಲಿವರ್‌ಪೂಲಿಗೆ, ಇನ್ನೊಬ್ಬ ಆಸ್ಟ್ರೇಲಿಯಾಕ್ಕೆ. ಅವರ ಮೊಮ್ಮಕ್ಕಳ ಮೊಮ್ಮಕ್ಕಳನ್ನೆಲ್ಲ ನೊರೀನ್ ಹಿಡಿದುಬಿಟ್ಟಿದ್ದಳು. ಕ್ರಿಸ್‌ಮಸ್‌ಗೆ ಕಾರ್ಡು ಬರುತ್ತಿದ್ದವು. ಕೊನೆಯವನು ಡೆನಿಸ್, ಹೊಟ್ಟೆಗೆ ಸಿಗುತ್ತದೆಂದು ಇಂಗ್ಲಿಷರ ಪಲ್ಟನ್ನು ಸೇರಿ ಹಡಗು ಹತ್ತಿದವನು ತಿರುಗಿ ಬರಲಿಲ್ಲ. ಅವನೊಬ್ಬ ಮಾತ್ರ ಸಿಕ್ಕಿರಲಿಲ್ಲ. ನಾನು ಸಾಯುವುದರೊಳಗೆ ಅವನ ಗೋರಿ ನೋಡಬೇಕು, ಫೋಟೋದಲ್ಲಾದರೂ ಸರಿ ಅನ್ನುತ್ತಿದ್ದಳು. ಹಿತ್ತಲ ಬೇಲಿಯ ಆಚೆ ನಿಂತು ಒಂದು ದಿನ ಕೇಳಿದಳು, ಬೆಲ್‌ಗಾಮ್ ಎಂಬ ಊರಿನ ಹೆಸರು ಕೇಳಿದ್ದೀಯಾ ಅಂತ. ಅವನ ಪಲ್ಟನ್ನಿನ ಕೊನೆಯ ಠಾಣೆ ಅದೇ ಎಂಬಲ್ಲಿಗೆ ಆಕೆಯ ಹುಡುಕಾಟ ಬಂದು ನಿಂತಿತ್ತು.

ನಾನು ನಕ್ಕೆ. ನಮ್ಮೂರಿನ ದಂಡುಪ್ರದೇಶವಾದ ಕ್ಯಾಂಪಿನಲ್ಲಿ ಬಿಳಿಯ ಸೋಲ್ಜರರು ತಲೆಮಾರುಗಟ್ಟಲೆ ಇದ್ದವರು, ಸತ್ತವರು. ಶಾಲೆಗೆ ಹೋಗುವಾಗ ಆ ಗೋರಿಗಳ ಕಂಪೌಂಡಿನ ಪಕ್ಕದಲ್ಲೇ ಹಾದುಹೋಗುತ್ತಿದ್ದೆವು. ಅದು ನನ್ನ ಊರು ಅಂದೆ. ನೊರೀನ್ ಬೇಲಿ ಹಿಡಿದುಕೊಂಡು ಅಳತೊಡಗಿದಳು. ನನ್ನ ಅಪ್ಪ ಅಲ್ಲೇ ಇದ್ದಾನೆ ಎಂದು ನಾನೇ ಮುಂದಾಗಿ ಹೇಳಿದೆ.

ಅಪ್ಪ ಬೋರ್ಡ್ ಬರೆಯುವವನು. ಹೆಸರು ಬಸವಣ್ಣೆಪ್ಪ; ಊರಿಗೆಲ್ಲ ಬಸು ಪೇಂಟರ್. ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ನಾಲ್ಕರಲ್ಲೂ ಬರೆಯುತ್ತಿದ್ದ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಬರೆಯಲು ಬರುತ್ತಿತ್ತು. ಅಕ್ಷರ ಅಂದರೆ ಅವನಿಗೆ ಮೈಕಟ್ಟು, ನಿಲುವು, ಎರಡರ ನಡುವಿನ ಜಾಗ. ಕಿರಾಣಿ ಅಂಗಡಿ, ದವಾಖಾನೆ, ಲಾರಿಯ ಹಿಂಬದಿ, ಶಾಲೆಯ ಗೋಡೆ, ಯಾವುದೇ ಇರಲಿ, ಕೆಲಸ ಮುಗಿದ ಮೇಲೆ ಸಣ್ಣ ಕುಂಚ ತೆಗೆದುಕೊಂಡು ಕೆಳಗೆ ಬಲಮೂಲೆಯಲ್ಲಿ ‘ಬಸು ಆರ್ಟ್ಸ್, ಬೆಳಗಾವಿ’ ಎಂದು ಹಾಕಬೇಕು. ಅದು ಬೋರ್ಡ್ ಬರೆಯುವವರೆಲ್ಲರ ಪದ್ಧತಿ. ಹೆಸರು ಹಾಕದ ಬೋರ್ಡು ಅರ್ಧ ಬೋರ್ಡು ಅನ್ನುತ್ತಿದ್ದ. ನಾನು ಓದು ಕಲಿತದ್ದೇ ಆ ಮೂಲೆಗಳನ್ನು ನೋಡಿ. ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಹೋಗುವಾಗ ಖಡೇಬಜಾರದ ಉದ್ದಕ್ಕೂ ನಮ್ಮಪ್ಪ, ನಮ್ಮಪ್ಪ ಎಂದು ಬೆರಳು ಮಾಡುತ್ತ ಹೋಗುತ್ತಿದ್ದೆ.

ಆಮೇಲೆ ಫ್ಲೆಕ್ಸ್ ಬಂತು. ಒಂದೊಂದೇ ಅಂಗಡಿಯವರು ಅಪ್ಪನ ಬೋರ್ಡು ಇಳಿಸಿ ಹೊಳೆಯುವ ಪ್ಲಾಸ್ಟಿಕ್ ಏರಿಸಿದರು. ಅವ್ವ ತೀರಿಕೊಂಡ ಮೇಲೆ ಅವನು ನನ್ನ ಅಣ್ಣ ಮಲ್ಲು ಮತ್ತು ಅವನ ಹೆಂಡತಿ, ನಮ್ಮ ವೈನಿಯ ಜೊತೆ ಇದ್ದ. ಊಟ-ಉಪಚಾರಕ್ಕೆ ಕೊರತೆಯಿರಲಿಲ್ಲ, ಆದರೆ ಕೈ ಖಾಲಿ. ಊರೊಳಗೆ ಅವನ ಹೆಸರು ಇರುವ ಒಂದು ಬೋರ್ಡೂ ಉಳಿದಿರಲಿಲ್ಲ. ಫೋನಿನಲ್ಲಿ ಒಮ್ಮೆ, ಇಡೀ ಊರು ಹುಡುಕಿದರೂ ಬಸು ಪೇಂಟರ್ ಸಿಗಂಗಿಲ್ಲವಾ ಅಂದ. ನಗುತ್ತಲೇ ಅಂದ.

ಅಂಥವನಿಗೆ ಏಳು ಸಮುದ್ರದಾಚೆಯಿಂದ ಒಬ್ಬಳು ಮುದುಕಿ ಕೆಲಸ ಹೇಳಿದಳು. ವಿಡಿಯೋದಲ್ಲಿ ಇಬ್ಬರನ್ನೂ ಪರಿಚಯ ಮಾಡಿಸಿದ್ದು ನಾನು. ಆಕೆಯ ಇಂಗ್ಲಿಷು ಅವನಿಗೆ, ಅವನ ಕನ್ನಡ ಆಕೆಗೆ ನಾನೇ ದಾಟಿಸಿದೆ. ಆಮೇಲಾಮೇಲೆ ನನ್ನ ಅಗತ್ಯವೇ ಬೀಳಲಿಲ್ಲ. ಫೋನಿನಲ್ಲಿ ಭಾಷೆ ಬದಲಿಸುವ ಆ್ಯಪ್ ಹಾಕಿಕೊಂಡು ಆಕೆ ನೇರವಾಗಿ ಅಪ್ಪನಿಗೇ ಬರೆಯುತ್ತಿದ್ದಳು. ಅವನು ಫೋಟೋ ಕಳಿಸುತ್ತಿದ್ದ. ದುಡ್ಡಿನ ಮಾತು ಆಕೆ ಎತ್ತಿದಾಗ, ಗೋರಿ ಕೆಲಸಕ್ಕ ರೊಕ್ಕ ತಗೋತಾರೇನವಾ ಎಂದು ನನಗೇ ಬೈದ.

ಮೊದಲ ಅಲೆಯ ಉದ್ದಕ್ಕೂ ಅಣ್ಣ ಅವನನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಸಕ್ಕರೆ ಕಾಯಿಲೆ ಇತ್ತು. ನನಗೂ ಅದೊಂದೇ ಚಿಂತೆ: ಇವನು ಹೊರಗೆ ಹೋಗಬಾರದು, ಇದು ಮುಗಿಯುವ ತನಕ ಇರಬೇಕು, ಮುಗಿದ ಕೂಡಲೇ ನಾನು ಹೋಗಿ ನೋಡಬೇಕು. ದೀಪಾವಳಿ ಕಳೆದ ಮೇಲೆ ಅಲ್ಲಿ ಎಲ್ಲರೂ ಕೊರೋನಾ ಹೋಯಿತು ಎಂದು ಮಾಸ್ಕನ್ನು ಗದ್ದಕ್ಕೆ ಇಳಿಸಿದರು. ಮದುವೆಗಳಾದವು, ಸಂತೆಗಳಾದವು. ಸಂಕ್ರಾಂತಿ ಮುಗಿದದ್ದೇ ಅಪ್ಪ ಸೈಕಲ್ಲು ತೆಗೆದ. ನಾನು ಬೇಡ ಅಂದೆ. ಸತ್ತವರ ನಡುವೆ ಇರತೇನಿ, ಅವರಿಂದ ಏನು ಹತ್ತತೈತಿ ಅಂದ. ವಿನಯ್ ಕೂಡ ಅವನ ಕಡೆಗೇ.

"ಬಿಡೇ, ಅವರಿಗೂ ಒಂದು ಟೈಮ್‌ಪಾಸ್ ಬೇಡ್ವಾ? ಓಪನ್ ಜಾಗ, ಏನಾಗಲ್ಲ" ಅಂದ.

ಇಲ್ಲಿ ಆ ಚಳಿಗಾಲ ನಮ್ಮನ್ನು ಹಿಂಡಿತು. ಸಂಜೆಯಾದರೆ ಕರ್ಫ್ಯೂ, ಹಗಲಾದರೆ ಕತ್ತಲೆ. ಶಾಲೆ ಮುಚ್ಚಿ ತನ್ವಿ ಸೋಫಾದ ಮೇಲೆ ಕೂತು ಟೀಚರನ್ನು ಪರದೆಯಲ್ಲಿ ನೋಡುತ್ತ ಉಗುರು ಕಚ್ಚುತ್ತಿದ್ದಳು. ಫೆಬ್ರುವರಿಯಲ್ಲಿ ಹಿಮ ಬಿದ್ದು ಓಣಿಯ ಕಾಲುವೆ ಗಟ್ಟಿಯಾಯಿತು. ಡಚ್ಚರೆಲ್ಲ ರೋಗ ಮರೆತು ಅದರ ಮೇಲೆ ಜಾರುತ್ತ ಹೋದರು. ಆ ಬಿಳಿ ಬೆಳಕಿನಲ್ಲಿ ನಮ್ಮ ಅಡುಗೆಮನೆಗೆ ದಿನವೂ ಬೆಳಗಾವಿಯ ಬಿಸಿಲು ಬರುತ್ತಿತ್ತು, ಅಪ್ಪನ ಫೋನಿನಿಂದ. ಗಿಡಗಂಟಿ ಸವರಿದ್ದು, ವಾಲಿದ ಕಲ್ಲು, ಒಡೆದ ಶಿಲುಬೆ, ಮುಂಗುಸಿ. ಅವನ ಕೆಲಸದ ರೀತಿಯೇ ಬೇರೆ. ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಹೋಗಬೇಕು. ಕಲ್ಲನ್ನು ತೆಂಗಿನ ನಾರಿನಿಂದ ಮೆಲ್ಲಗೆ ತೊಳೆದು ಒಣಗಲು ಬಿಡಬೇಕು. ಮೇಲೆ ರಂಗೋಲಿ ಪುಡಿ ಉದುರಿಸಿ ಅಂಗೈಯಿಂದ ಸವರಿದರೆ ಸವೆದು ಹೋದ ಅಕ್ಷರಗಳ ಗೀರಿನೊಳಗೆ ಪುಡಿ ಕೂತು ಅವು ಬೆಳ್ಳಗೆ ಏಳುತ್ತಿದ್ದವು. ಡೆನಿಸ್‌ನ ಹೆಸರನ್ನು ನೊರೀನ್ ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿದ್ದಳು. ಅಪ್ಪ ಅದರ ರೂಪ ತಲೆಯಲ್ಲಿ ಇಟ್ಟುಕೊಂಡು ಕಲ್ಲಿನಿಂದ ಕಲ್ಲಿಗೆ ಹೋಗುತ್ತಿದ್ದ.

ಅವನು ಆ ದಿನಗಳಲ್ಲಿ ಎಷ್ಟು ಖುಷಿಯಾಗಿದ್ದ ಎಂಬುದನ್ನು ನೆನೆದರೆ ನನಗೆ ಇನ್ನಷ್ಟು ಸಂಕಟವಾಗುತ್ತದೆ. ಮುಖ ಬಿಸಿಲಿಗೆ ಕಪ್ಪಾಗಿತ್ತು, ಮಾತು ಜೋರಾಗಿತ್ತು. ತನ್ವಿಗೆ ಕಲ್ಲಿನ ಮೇಲಿನ ದೇವದೂತರನ್ನು ತೋರಿಸುತ್ತಿದ್ದ. ಅವಳು ಡಚ್ಚಿನಲ್ಲಿ ಏನೋ ಕೇಳುವುದು, ಅವನು ಹೌದವಾ ಹೌದವಾ ಅನ್ನುವುದು. ಒಂದು ದಿನ ವಿಡಿಯೋ ಹಚ್ಚಿದವನು ಮಾತೇ ಆಡದೆ ಕ್ಯಾಮೆರಾ ತಿರುಗಿಸಿದ. ಕರಿಕಲ್ಲಿನ ಮೇಲೆ ಬೆಳ್ಳಗೆ ಡೆನಿಸ್ ಎದ್ದು ನಿಂತಿದ್ದ. ಸಾರ್ಜೆಂಟ್ ಆಗಿದ್ದನಂತೆ, ಜೊತೆಯವರು ಕೂಡಿ ಕಲ್ಲು ಹಾಕಿಸಿದ್ದರು. ನಾನು ಚಪ್ಪಲಿ ಇಲ್ಲದೆ ಹಿಮದಲ್ಲೇ ಓಡಿ ನೊರೀನ್‌ಳ ಕಿಟಕಿಗೆ ಫೋನು ಒತ್ತಿ ಹಿಡಿದೆ. ಆಕೆ ಒಳಗಿನಿಂದ ಗಾಜಿನ ಮೇಲೆ ಕೈಯಿಟ್ಟು ಅತ್ತಳು. ಆ ಗಳಿಗೆ ಚೆನ್ನಾಗಿತ್ತು. ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಅಕ್ಷರ ಮತ್ತೆ ಮಳೆಗೆ ಅಳಿಸುತ್ತಾವ, ಬಣ್ಣ ತುಂಬತೇನಿ ಎಂದು ಅಪ್ಪನೇ ಹೇಳಿದ. ಮಾರ್ಚ್ ಪೂರ್ತಿ ಅದರಲ್ಲೇ ಇದ್ದ. ಲಸಿಕೆಯ ಮೊದಲ ಡೋಸು ಆಗಿತ್ತು. ಕವಚ ತೊಟ್ಟ ಹಾಗೆ ಎದೆ ಉಬ್ಬಿಸಿದ್ದ. ಏಪ್ರಿಲ್ ಬರುವ ಹೊತ್ತಿಗೆ ಅಲ್ಲಿನ ಸುದ್ದಿ ಕೆಡುತ್ತ ಬಂತು. ಅಣ್ಣ ಬಾಗಿಲಿಗೆ ಚಿಲಕ ಹಾಕುವ ಹೊತ್ತಿಗೆ ಕಲ್ಲು ಮುಗಿದಿತ್ತು. ಅಪ್ಪ ನೊರೀನ್‌ಗೂ ನನಗೂ ಒಟ್ಟಿಗೇ ಫೋಟೋ ಕಳಿಸಿದ. ಡೆನಿಸ್‌ನ ಹೆಸರು, ಪಲ್ಟನ್ನು, ಕೆಳಗೆ ಪ್ರಾರ್ಥನೆಯ ಸಾಲು, ಎಲ್ಲವೂ ಕರಿ ಎನಾಮೆಲ್ಲಿನಲ್ಲಿ ಮಿರಮಿರ. ಹದಿನೈದು ವರ್ಷಗಳಿಂದ ಕುಂಚ ಹಿಡಿಯದ ಕೈ ಅಂತ ಯಾರೂ ಹೇಳುವಂತಿರಲಿಲ್ಲ. ಮತ್ತೆ ಕೆಳಗೆ ಬಲಮೂಲೆಯಲ್ಲಿ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ‘ಬಸು ಆರ್ಟ್ಸ್, ಬೆಳಗಾವಿ’.

ನನಗೆ ನಗು ಬಂತು, ಕಣ್ಣೂ ತುಂಬಿತು. ಗೋರಿಗೂ ಸಹಿ ಹಾಕಿದ್ದಾನಲ್ಲ ಎಂದು ವಿನಯ್‌ಗೆ ತೋರಿಸಿದೆ. ಅವನು ಬಿದ್ದು ಬಿದ್ದು ನಕ್ಕ. ನಮ್ಮಪ್ಪನ ಹೆಸರು ಊರಿನಲ್ಲಿ ಒಂದು ಕಡೆಯಾದರೂ ಉಳಿಯಿತು ಅಂದುಕೊಂಡೆ.

ನೊರೀನ್ ನಗಲಿಲ್ಲ. ನನಗೆ ಹೇಳಲೂ ಇಲ್ಲ. ಅಪ್ಪನಿಗೆ ನೇರವಾಗಿ ಬರೆದಳು. ಆ್ಯಪ್ ಅದನ್ನು ಸರ್ಕಾರಿ ನೋಟೀಸಿನ ಕನ್ನಡಕ್ಕೆ ತಿರುಗಿಸಿತು. ತುಂಬ ಧನ್ಯವಾದಗಳು, ಆದರೆ ದಯವಿಟ್ಟು ಸಮಾಧಿಯಿಂದ ಜಾಹೀರಾತನ್ನು ತೆಗೆದುಹಾಕಿ ಅಂತ. ಮಧ್ಯಾಹ್ನ ಆಫೀಸಿನ ಮೀಟಿಂಗ್ ನಡೆದಿರುವಾಗಲೇ ಅಪ್ಪನ ಫೋನು ಬಂತು.

"ಶೈಲಾ, ಆ ಮುದುಕಿ ಏನೋ ಬರದಾಳ ನೋಡವಾ. ನಾ ಎಲ್ಲಿ ಜಾಹೀರಾತು ಹಾಕೇನಿ?"

"ನಿನ್ನ ಹೆಸರಿಗೆ ಅಂದಾಳಪಾ. ಗೋರಿ ಮ್ಯಾಲೆ ಬ್ಯಾರೇದವರ ಹೆಸರು ಇರಬಾರದಂತ."

"ಕೆಲಸ ಮಾಡಿದಾಂವ ಹೆಸರು ಹಾಕಬಾರದೇನು?" ಅಂದ.

"ನೀ ಏನೂ ಮಾಡಬ್ಯಾಡ. ಊರಾಗ ಹೆಂಗೈತಿ ಗೊತ್ತಿಲ್ಲೇನು? ಮನಿ ಬಿಟ್ಟು ಹೊರಗ ಕಾಲಿಟ್ಟರ ನನ್ನ ಆಣಿ ಐತಿ."

"ಆತು ಬಿಡವಾ, ಹೋಗಂಗಿಲ್ಲ" ಅಂದ.

ಅಂದೇ ನೊರೀನ್‌ಳನ್ನು ಬೇಲಿಯ ಹತ್ತಿರ ಕರೆದು ಕೇಳಿದೆ. ಹೀಗೆ ಬರೆಯುವ ಮೊದಲು ನನ್ನನ್ನು ಒಂದು ಮಾತು ಕೇಳಬಾರದಿತ್ತೇ, ಅವನು ಅದನ್ನು ಅವಮಾನ ಅಂದುಕೊಳ್ಳುತ್ತಾನೆ ಅಂದೆ. ಅಲ್ಲಿ ಜನ ಸಾಯುತ್ತಿದ್ದಾರೆ, ಈಗ ಯಾವ ಗೋರಿಗೂ ಅವನು ಹೋಗುವ ಹಾಗಿಲ್ಲ, ನೀವು ಮತ್ತೆ ಆ ಮಾತು ಎತ್ತಬೇಡಿ ಎಂದೂ ಹೇಳಿದೆ. ಆಕೆ ನೊಂದ ಮುಖ ಮಾಡಿದಳು.

"ಅದು ಸಮಾಧಿ, ಅಂಗಡಿಯಲ್ಲ" ಅಂದಳು. "ಅವನು ಅಲ್ಲಿ ಅಷ್ಟು ಕಾಲ ಒಬ್ಬನೇ ಮಲಗಿದ್ದಾನೆ. ಅವನ ಕಲ್ಲಿನ ಮೇಲೆ ಅವನ ಹೆಸರಷ್ಟೇ ಇರಲಿ ಅಂತ ಆಸೆ. ನಾನು ಕೇಳಿದೆ ಅಷ್ಟೆ."

ಕೇಳಿದೆ ಅಷ್ಟೆ. ಕೇಳುವವರಿಗೆ ಏನು, ಕೇಳುತ್ತಾರೆ.

ಅದಾದ ಸ್ವಲ್ಪ ದಿನಕ್ಕೆ ಅಪ್ಪನಿಗೆ ಜ್ವರ ಬಂತು. ಅಣ್ಣನಿಗೂ ಬಂತು. ಅಣ್ಣ ತಾನೇ ಏದುಸಿರು ಬಿಡುತ್ತ ಫೋನು ಹಿಡಿದು ಅಪ್ಪನಿಗೊಂದು ಬೆಡ್ಡು ಹುಡುಕಿದ. ನಾನು ಇಲ್ಲಿಂದ ಗುರುತಿದ್ದವರು, ಗುರುತಿಲ್ಲದವರು ಎಲ್ಲರಿಗೂ ಫೋನು ಹಚ್ಚಿದೆ. ಶಾಲೆಯಲ್ಲಿ ಜೊತೆಗೆ ಓದಿದವರ ಅಣ್ಣಂದಿರಿಗೂ ಬಿಡಲಿಲ್ಲ. ಕೊನೆಗೆ ಸಿಕ್ಕಿತು. ಒಳಗೆ ಹೋದವನು ಫೋನಿನಲ್ಲಿ ಒಮ್ಮೆ ಮಾತಾಡಿದ. ಉಸಿರಿಗಾಗಿ ನಿಲ್ಲಿಸಿ ನಿಲ್ಲಿಸಿ, ತನ್ವಿ ಉಂಡಳೇನು ಎಂದು ಕೇಳಿದ. ಬರತೇನಿ ಅಪ್ಪಾ ಅಂದೆ. ಭಾರತದಿಂದ ಇಲ್ಲಿಗೆ ಬರುವ ವಿಮಾನಗಳನ್ನು ಆ ವಾರವೇ ನಿಲ್ಲಿಸಿದ್ದರು. ಹೋದರೆ ತಿರುಗಿ ಯಾವಾಗ ಎಂಬುದಕ್ಕೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಆದರೂ ಟಿಕೆಟ್ಟು ನೋಡುತ್ತಿದ್ದೆ. ಹೊರಗೆ ರಾಜನ ಹುಟ್ಟುಹಬ್ಬ. ಓಣಿಯ ಮಕ್ಕಳು ಕೇಸರಿ ಅಂಗಿ ತೊಟ್ಟು ಆಟಿಕೆ ಮಾರಲು ಕೂತಿದ್ದವು. ಏಪ್ರಿಲ್ ತಿಂಗಳು, ಆದರೂ ಆಲಿಕಲ್ಲು ಬಿತ್ತು. ಟಿಕೆಟ್ಟು ಸಿಗುವ ಮೊದಲೇ ಅಪ್ಪ ಹೋದ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಮೀಸಲು ನೀರಿನ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಅವರು ಜೀವಮಾನವಿಡೀ ಎದೆಯ ಮೇಲೆ ಕಟ್ಟಿಕೊಂಡಿದ್ದ ಲಿಂಗವಿಟ್ಟು, ಕೂಡಿಸಿ ಮಣ್ಣು ಕೊಡುತ್ತೇವೆ. ಪತ್ರಿ, ವಿಭೂತಿ ಮೈ ಮುಚ್ಚುವಷ್ಟು. ಅಪ್ಪನನ್ನು ಚೀಲದಲ್ಲಿ ಕಟ್ಟಿ, ಊರ ಹೊರಗೆ ತೋಡಿದ ಗುಂಡಿಯೊಂದರಲ್ಲಿ ಅಡ್ಡ ಮಲಗಿಸಿದರು. ಅಣ್ಣ ಮನೆಯೊಳಗೆ ಬಂದಿ. ನಮ್ಮವರು ಅಂತ ಒಬ್ಬರೂ ಅಲ್ಲಿರಲಿಲ್ಲ. ಅವನ ಕನ್ನಡಕ ಮತ್ತು ಲಿಂಗ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬಂದವು. ಕೈಯಲ್ಲಿ ಹೋಗಬೇಕಾದದ್ದು ವೈನಿಯ ದೇವರ ಗೂಡಿನಲ್ಲಿ ಕೂತಿತು.

ನನ್ನ ಆಫೀಸಿನಲ್ಲಿ ಒಂದು ನಿಯಮವಿತ್ತು. ತಂದೆತಾಯಿ ಸತ್ತರೆ ಸತ್ತ ದಿನದಿಂದ ಅಂತ್ಯಕ್ರಿಯೆಯ ದಿನದವರೆಗೆ ರಜೆ. ಇಲ್ಲಿ ಅದಕ್ಕೆ ವಾರ ಹಿಡಿಯುತ್ತದೆ. ಎಚ್‌ಆರ್‌ನ ಹುಡುಗಿ ಬಹಳ ಮೃದುವಾಗಿ, ಅಂತ್ಯಕ್ರಿಯೆ ಯಾವತ್ತು ಎಂದು ಕೇಳಿದಳು. ಆಗಿಹೋಯಿತು, ನಿನ್ನೆಯೇ ಅಂದೆ. ನಾನು ಮಾರನೇ ದಿನ ಲ್ಯಾಪ್‌ಟಾಪ್ ತೆರೆದೆ.

ಅಂದೇ ನಮ್ಮ ಡಬ್ಬಿಯ ಮುಚ್ಚಳದ ಮೇಲೆ ಶಾಜೀರಿಗೆ ರೊಟ್ಟಿ ಬಂದು ಕೂತಿತ್ತು. ಪಕ್ಕದಲ್ಲಿ ಒಂದು ಕಾರ್ಡು. ಇಷ್ಟು ಕಾಲದ ಮೇಲೆ ಡೆನಿಸ್‌ಗೆ ಅಲ್ಲೊಬ್ಬ ಸ್ನೇಹಿತ ಸಿಕ್ಕಂತಾಯಿತು ಎಂದು ಬರೆದಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಬರೆದಿರಬಹುದು. ನನಗೆ ಮೈಯೆಲ್ಲ ಉರಿ ಹತ್ತಿತು. ನಮ್ಮಪ್ಪ ನಿನ್ನ ಸೋಲ್ಜರನ ಜೊತೆಗೆ ಹರಟಲು ಹೋದನೇ? ಮುಚ್ಚಳ ಎತ್ತಿ ರೊಟ್ಟಿಯನ್ನು ಅದೇ ಡಬ್ಬಿಯೊಳಗೆ ಹಾಕಿದೆ. ಆಕೆ ಕಿಟಕಿಯಿಂದ ನೋಡಿದಳೋ ಇಲ್ಲವೋ, ನೋಡಲಿ ಎಂದೇ ಹಾಕಿದೆ. ಅಲ್ಲಿಂದ ಮುಂದೆ ಮಾತು ನಿಂತಿತು. ವಿನಯ್ ಸಾಮಾನು ತಂದುಕೊಡುವುದನ್ನು ಬಿಡಲಿಲ್ಲ, ನಾನು ಅಡ್ಡಿಯನ್ನೂ ಮಾಡಲಿಲ್ಲ. ಚಳಿಗಾಲಕ್ಕೆ ಮುಂಚೆ ಅವನಿಗೆ ಎನ್ಸ್‌ಕೆಡೆಯಲ್ಲಿ ಕೆಲಸ ಸಿಕ್ಕಿ ನಾವು ಮನೆ ಬಿಟ್ಟೆವು. ಹೊರಡುವಾಗ ಆಕೆ ಕಿಟಕಿಯಲ್ಲಿ ನಿಂತು ಕೈ ಬೀಸಿದಳು. ತನ್ವಿ ಬೀಸಿದಳು.

ಊರಿಗೆ ಹೋಗಲು ಆದದ್ದು ಅದರ ಮರುವರ್ಷ. ಅಣ್ಣ ಬೈಕಿನಲ್ಲಿ ಊರ ಹೊರಗಿನ ಆ ಜಾಗಕ್ಕೆ ಕರೆದುಕೊಂಡು ಹೋದ. ಮಳೆಗಾಲ ದಾಟಿದ ನೆಲ, ಎದೆಮಟ್ಟ ಹುಲ್ಲು. ಇಲ್ಲಿಂದ ಅಲ್ಲೀತನಕ ಅಂತಾರ ಎಂದು ಅಣ್ಣ ಕೈ ಮಾಡಿದ. ಯಾವ ಕಡೆ ನಮಸ್ಕಾರ ಮಾಡಬೇಕೆಂದು ತಿಳಿಯದೆ ನಿಂತ ಕಡೆಯೇ ಕೈ ಮುಗಿದೆ. ಅಣ್ಣ ಆಚೆ ತಿರುಗಿ ಅಳುತ್ತಿದ್ದ. ಅವನು ಅಳುವುದನ್ನು ನಾನು ಅವತ್ತೇ ನೋಡಿದ್ದು.

ಮನೆಗೆ ಬಂದು ಅಪ್ಪನ ಪೇಂಟಿನ ಪೆಟ್ಟಿಗೆ ಕೇಳಿದೆ. ಕ್ಯಾಂಪಿನ ಆ ಕಲ್ಲಿನ ಮೇಲೆ ಅವನ ಹೆಸರು ಇದೆಯಲ್ಲ, ಮಾಸಿದ್ದರೆ ಬಣ್ಣ ತಿದ್ದಿ ಬರುತ್ತೇನೆ, ಕೈ ಮುಗಿಯಲು ಅಷ್ಟಾದರೂ ಇದೆ ಅಂದೆ. ವೈನಿ ಚಹಾದ ಕಪ್ಪು ಕೆಳಗಿಟ್ಟಳು.

"ಅದನ್ನ ಒರಸಿ ಬಂದ್ರಲ್ಲವಾ" ಅಂದಳು. "ನಿನಗ ಹೇಳಬ್ಯಾಡ ಅಂದಿದ್ರು. ನಾವು ಮನ್ಯಾಗ ಇಲ್ಲದಾಗ ಟರ್ಪಂಟೈನ್ ಬಾಟ್ಲಿ, ಹಳೇ ಧೋತರದ ಅರಿವಿ ತಗೊಂಡು ಹೋಗ್ಯಾರ. ಸೈಕಲ್ ಪಂಕ್ಚರ್ ಆಗಿತ್ತು, ಬಸ್ಸೂ ಇದ್ದಿಲ್ಲ, ಮಂದಿ ತುಂಬಿದ ರಿಕ್ಷಾದಾಗ ಹೋಗಿ ಬಂದಾರ. ಅಡ್ಡಮಳ್ಯಾಗ ತೊಯ್ಸಿಕೊಂಡು ಬಂದ್ರು. ಯಾಕ ಹೋದ್ರಿ ಮಾವಾರ ಅಂದ್ರ, ಗಿರಾಕಿ ತಕರಾರು ಇಟಗೊಂಡು ಕೂಡಬಾರದವಾ ಅಂದ್ರು."

ನಾನು ಪೆಟ್ಟಿಗೆ ಹಿಡಿದುಕೊಂಡೇ ಒಬ್ಬಳೇ ಕ್ಯಾಂಪಿಗೆ ಹೋದೆ. ಡೆನಿಸ್ ಮಿರಮಿರ ಮಿಂಚುತ್ತಿದ್ದ. ಅವನ ಪಲ್ಟನ್ನು, ಅವನ ಪ್ರಾರ್ಥನೆ, ಯಾವುದಕ್ಕೂ ಒಂದು ಕೂದಲೆಳೆಯಷ್ಟು ಧಕ್ಕೆಯಿರಲಿಲ್ಲ. ಬಲಮೂಲೆಯಲ್ಲಿ ಅಂಗೈಯಗಲದ ಕಲ್ಲು ಸ್ವಚ್ಛ. ಅಪ್ಪ ಮಾಡಿದ್ದನ್ನು ನೀಟಾಗಿಯೇ ಮಾಡುತ್ತಿದ್ದ, ಅಳಿಸುವುದನ್ನೂ. ಬೆರಳಿಂದ ಉಜ್ಜಿ ನೋಡಿದೆ. ಕುಂಚ ತೆಗೆದು ಬಣ್ಣಕ್ಕೆ ಅದ್ದಿದೆ ಕೂಡ. ನನ್ನ ಕೈಗೆ ಅಕ್ಷರ ಬರುವುದಿಲ್ಲ, ನಾನು ಕಲಿಯಲಿಲ್ಲ. ಸೊಟ್ಟಂಬಟ್ಟ ಬರೆದರೆ ಅಪ್ಪನಿಗೆ ಸೇರುತ್ತಿರಲಿಲ್ಲ. ಕುಂಚ ತೊಳೆದಿಟ್ಟು ಬಂದೆ.

ಸೋಂಕು ಆ ರಿಕ್ಷಾದಲ್ಲೇ ತಗುಲಿತು ಎಂದು ಯಾರು ಹೇಳಬಲ್ಲರು, ಅಣ್ಣನಿಂದಲೂ ಬಂದಿರಬಹುದು ಎಂದು ವಿನಯ್ ಎಷ್ಟೋ ಸಲ ಹೇಳಿದ್ದಾನೆ. ಇರಬಹುದು. ನನಗೆ ಆ ವಾದ ಬೇಕಿಲ್ಲ. ಜೀವಮಾನವಿಡೀ ಮಂದಿಯ ಹೆಸರು ಬರೆದವನು ಕೊನೆಯ ಸಲ ಹೊರಗೆ ಹೋದದ್ದು ತನ್ನ ಹೆಸರು ಒರೆಸಲು. ನನಗೆ ಅಷ್ಟು ಸಾಕು.

ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕಳೆದ ತಿಂಗಳು ಆ ಓಣಿಯಲ್ಲಿ ನಿಂತಿದ್ದೆ. ನೊರೀನ್‌ಳ ಮುಂದಿನ ಕಿಟಕಿಯ ಕಟ್ಟೆಯ ಮೇಲೆ ಹೂಕುಂಡಗಳ ನಡುವೆ ಆ ಫೋಟೋ ಇತ್ತು. ಅಪ್ಪ ಕಳಿಸಿದ್ದೇ. ಒಳ್ಳೆಯ ಫ್ರೇಮು, ಸುತ್ತ ಅಗಲವಾದ ಬಿಳಿ ರಟ್ಟಿನ ಅಂಚು. ಆ ಅಂಚು ಕೆಳಗಿನ ಬಲಮೂಲೆಯ ಮೇಲೆ ಸರಿಯಾಗಿ ಬಂದು ಕೂತಿತ್ತು. ನಾನು ನೋಡುತ್ತಿರುವಾಗಲೇ ಬಾಗಿಲು ತೆರೆಯಿತು. ಬಹಳ ಸೊರಗಿದ್ದಳು. ಮೂಗಿಗೆ ಆಮ್ಲಜನಕದ ಸಣ್ಣ ನಳಿಕೆ. ನನ್ನ ಹೆಸರು ಹಿಡಿದು ಕರೆದು, ಒಳಗೆ ಬಾ, ಈಗಷ್ಟೇ ತೆಗೆದೆ ಎಂದು ಒಳಹೋಗಿ, ರೊಟ್ಟಿಯನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು. ನಾನು ಹೊಸ್ತಿಲ ಹೊರಗೇ ನಿಂತಿದ್ದೆ. ತನ್ವಿಯನ್ನು ಕೇಳಿದಳು, ವಿನಯ್‌ನನ್ನು ಕೇಳಿದಳು. ಚರ್ಚಿನವರೆಲ್ಲ ಆ ಫೋಟೋದ ಅಕ್ಷರ ನೋಡಿ ಬೆರಗಾಗುತ್ತಾರೆ ಅಂದಳು. ಆಮೇಲೆ ದನಿ ತಗ್ಗಿಸಿದಳು.

"ದಿನವೂ ನಿನ್ನ ತಂದೆಗಾಗಿ ಪ್ರಾರ್ಥನೆ ಮಾಡುತ್ತೇನೆ" ಅಂದಳು. "ಅವರಿಗೆ ಕಲ್ಲು ಹಾಕಿಸಿದಿರಾ? ಎಲ್ಲಿದ್ದಾರೆ?"

"ಎಲ್ಲಿದ್ದಾನೋ ನಮಗೆ ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ?" ಆಕೆಗೆ ನಿಜಕ್ಕೂ ಅರ್ಥವಾಗಲಿಲ್ಲ. "ಯಾರಾದರೂ ಹುಡುಕಬೇಕಲ್ಲ, ಶೈಲಾ. ಮುಂದೆ ನಿನ್ನ ತನ್ವಿಯ ಮಕ್ಕಳು ಕೇಳುತ್ತಾರೆ."

ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ಆ ಉಬ್ಬಸ, ಆ ನಳಿಕೆ ನೋಡಿಯೂ ಕಟ್ಟಲಾಗಲಿಲ್ಲ.

"ಅಪ್ಪನ ಹೆಸರು ಇಡೀ ಊರಿನಲ್ಲಿ ಒಂದೇ ಒಂದು ಕಲ್ಲಿನ ಮೇಲಿತ್ತು, ನೊರೀನ್" ಅಂದೆ. "ಜ್ವರ ಬರುವ ಮುಂಚೆ ಮಳೆಯಲ್ಲಿ ಹೋಗಿ ತಾನೇ ಒರೆಸಿ ಬಂದ. ನೀವು ಕೇಳಿದಿರಿ ಅಂತ."

ನಾನು ಕೇಳಿದೆ ಅಷ್ಟೆ ಅನ್ನುತ್ತಾಳೇನೋ ಎಂದು ಕಾದೆ. ಅನ್ನಲಿಲ್ಲ. ತಿರುಗಿ ಕಿಟಕಿಯ ಕಟ್ಟೆಯ ಕಡೆ ನೋಡಿದಳು. ತಟ್ಟೆ ಹಿಡಿದ ಕೈ ಚಾಚಿದ್ದು ಚಾಚಿದ ಹಾಗೇ ಇತ್ತು, ರೊಟ್ಟಿಯಿಂದ ಇನ್ನೂ ಹಬೆ ಏಳುತ್ತಿತ್ತು. ನಾನು ಅದನ್ನು ತೆಗೆದುಕೊಳ್ಳಲಿಲ್ಲ. ಅಲ್ಲಿ ಮಗುವಿಗೆ ಹೆಸರಿಡುವ ಹೊತ್ತಾಗುತ್ತಿತ್ತು, ಹೊರಟುಬಂದೆ.